ಹನುಮಂತನ ವಿಷಯದಲ್ಲಿ ನಿನಗೊಂದು ಬಾಕಿ ಇತ್ತು

ಲೋ ಗೆಳೆಯಾ,

ಹಾಡುಗಾರ ಹನುಮಂತನ ಬಗ್ಗೆ ನಮ್ಮಿಬ್ಬರ ಹಳೇ ವಾದದ ವಿಷಯ ಇದು. ಫೋನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಶನಿವಾರ ಸಂಜೆ ಅಮ್ಮ ಟಿವಿ ಮುಂದೆ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದರು. ಹಾಡಿನ ಶೋ ನಡೀತಿತ್ತು. ನಿನಗೆ ಗೊತ್ತಲ್ಲ, ನಮ್ಮನೆಯಲ್ಲಿ ನಿಜವಾದ ಜಡ್ಜ್ ಅಮ್ಮನೇ. ಹಾಡು ಸುಮಾರಾಗಿದ್ದರೆ ಬೇಳೆ ಪುಳಕ್ ಪುಳಕ್ ಅಂತ ಪಾತ್ರೆಗೆ ಬೀಳ್ತಾನೇ ಇರುತ್ತದೆ. ಚೆನ್ನಾಗಿದ್ದರೆ ಕೈ ನಿಲ್ಲುತ್ತದೆ, ಅಷ್ಟೇ. ಅವರು ಬಾಯಿಬಿಟ್ಟು ಏನೂ ಹೇಳಲ್ಲ.

ಮೊದಲು ಬಂದ ಹುಡುಗ ಸಿನಿಮಾ ಹಾಡನ್ನು ಒರಿಜಿನಲ್ ಶ್ರುತಿಯಲ್ಲೇ ಹಾಡುತ್ತೇನೆ ಅಂತ ಹಟ ಹಿಡಿದವನ ಹಾಗೆ ಮೇಲಕ್ಕೆ ಎಳೆದ, ಕತ್ತಿನ ನರ ಎಲ್ಲ ಎದ್ದು ಕಾಣಿಸಿದವು. ಶ್ರುತಿಯನ್ನ ಒಂಚೂರು ಇಳಿಸಿಕೊಂಡಿದ್ದರೆ ಎಷ್ಟು ಸುಖವಾಗಿರುತ್ತಿತ್ತು. ಯಾರಿಗೆ ಹೆದರುತ್ತಾರೋ ಈ ಹುಡುಗರು. ಜಡ್ಜ್‌ಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರೆಬೇಳೆ ಬೀಳುತ್ತಲೇ ಇತ್ತು. ಎರಡನೆಯವನ ಹಾಡಿಗೆ ಮುಂಚೆ ಅವನ ಮನೆ ಕಷ್ಟದ ವಿಡಿಯೋ ತೋರಿಸಿದರು, ಹಿಂದೆ ಪಿಟೀಲು ಬೇರೆ. ಅಮ್ಮ ಅತ್ತರು, ಒದ್ದೆ ಕೈ ಅಂತ ಮೊಣಕೈಯಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಹಾಡು ಶುರುವಾದ ತಕ್ಷಣ ಮತ್ತೆ ಕಾಳು ಹಿಚುಕೋಕೆ ಶುರು ಮಾಡಿದರು!

ಮೂರನೆಯದು ಒಂದು ಸಣ್ಣ ಹುಡುಗಿ. ಭಾವಗೀತೆ. ಪಲ್ಲವಿ ಮುಗಿಯುವ ಮೊದಲೇ ಅಮ್ಮನ ಕೈ ನಿಂತಿತ್ತು, ಬೆರಳ ತುದಿಯಲ್ಲಿ ಒಂದು ಕಾಳು ಹಾಗೇ ಇತ್ತು. ಅಷ್ಟರಲ್ಲಿ ಎರಡನೇ ಚರಣದಲ್ಲಿ ಆ ಹುಡುಗಿ ಒಂದು ಪದದ ನಡುವೆ ಉಸಿರು ತಗೊಂಡು ಪದವನ್ನ ಎರಡು ತುಂಡು ಮಾಡಿದಳು. ನಾನು ಸುಮ್ನಿರಬೇಕೋ ಬೇಡವೋ. "ಉಸಿರು ತಪ್ಪಿತು" ಅಂದೆ. ಅಮ್ಮ ನನ್ನ ಕಡೆ ತಿರುಗಿ, "ನೀನು ಹಾಡು ಕೇಳ್ತಿದ್ದೀಯೋ, ಪೇಪರ್ ತಿದ್ದುತ್ತಿದ್ದೀಯೋ?" ಅಂದರು.

ಆಗ ನೀನು ನೆನಪಾದೆ. 2019.

ಆಗ ಜೀ ಕನ್ನಡದಲ್ಲಿ ಸರಿಗಮಪ ಸೀಸನ್ 15 ಬರ್ತಿತ್ತು. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯ ಕುರಿ ಕಾಯೋ ಹುಡುಗ ಹನುಮಂತ, ಲುಂಗಿ ಉಟ್ಟುಕೊಂಡು ಬಂದು ಹಾಡುತ್ತಿದ್ದ. ಎದುರಿಗೆ ಯಾರು ಕೂತಿದ್ದರು ಹೇಳು: ಮಹಾಗುರು ಹಂಸಲೇಖ, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ, ವಿಜಯ್ ಪ್ರಕಾಶ್. ನಾನಾಗಿದ್ದರೆ ಅಲ್ಲೇ ಗಂಟಲು ಒಣಗುತ್ತಿತ್ತು. ನಾನು ಎರಡು ವರ್ಷ ಸುಗಮ ಸಂಗೀತದ ಕ್ಲಾಸಿಗೆ ಮಣ್ಣು ಹೊತ್ತವನು ನೋಡು, ಪ್ರತಿ ವಾರ ನಿನಗೆ ಮೆಸೇಜ್ ಕಳಿಸುತ್ತಿದ್ದೆ: ಇಲ್ಲಿ ಶ್ರುತಿ ಜಾರಿತು, ಅಲ್ಲಿ ತಾಳ ಓಡಿತು, ಜನಪದ ಬಿಟ್ಟು ಬೇರೆ ಕೊಟ್ಟರೆ ತಡಕಾಡ್ತಾನೆ, ಇದೆಲ್ಲ ಟಿಆರ್‌ಪಿಗೆ ಅಂತ. ನೀನೂ ಅದೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನವನು, ನಿನಗೆ ಜಿಲ್ಲೆ ಅಭಿಮಾನ ಅಂತಲೂ ಚುಚ್ಚಿದ್ದೆ. ನೀನು ಒಂದೇ ಮಾತು ಹೇಳಿದ್ದೆ: "ಲೇ, ಅಂವಾ ಹಾಡೂದು ಸ್ಟುಡಿಯೋಕ್ಕಲ್ಲಲೇ, ಬಯಲಿಗೆ." ನಾನು ನಕ್ಕಿದ್ದೆ. ಆ ಸೀಸನ್ ಕೀರ್ತನ್ ಹೊಳ್ಳ ಗೆದ್ದರು, ಹನುಮಂತ ರನ್ನರ್ ಅಪ್ ಆದ. ನಾನೇನೋ ವಾದ ಗೆದ್ದವನ ಹಾಗೆ ನಿನಗೆ ಫೋನ್ ಮಾಡಿದ್ದೆ. ಥೂ.

ಶನಿವಾರ ರಾತ್ರಿ ಅವನ ಹಳೇ ಹಾಡುಗಳನ್ನ ಹುಡುಕಿ ಕೇಳಿದೆ, ಒಂದಲ್ಲ, ಐದಾರು. ಕಣ್ಣು ಮುಚ್ಚಿ. ಲುಂಗಿ ಕಾಣಬಾರದು, ಆ್ಯಂಕರ್ ಕಾಣಬಾರದು. ಕೇಳುತ್ತಾ ಹೋದರೆ ನೀನು ಹೇಳಿದ್ದು ನಿಜ ಮಾರಾಯ. ನಾವು ಕ್ಲಾಸಲ್ಲಿ ಕಲಿಯೋದು ಮೈಕಿಗೆ ಹಾಡುವ ಹಾಡು. ದನಿಯನ್ನು ಒಳಗೇ ಹಿಡಿದು, ಸಣ್ಣ ಸಣ್ಣ ಸಂಗತಿ, ಅಂದರೆ ಸಾಲನ್ನ ತಿರುತಿರುಗಿಸಿ ಹಾಡೋ ಬಳುಕು, ಹಾಕಿ, ಉಸಿರು ಕೇಳಿಸದ ಹಾಗೆ. ಅವನ ದನಿ ಆಚೆ ಬೆಟ್ಟದಲ್ಲಿರೋ ಇನ್ನೊಬ್ಬನಿಗೆ ಮುಟ್ಟಬೇಕು ಅನ್ನೋ ಹಾಗೆ ಹೊರಗೆ ಬರುತ್ತದೆ, ಸಾಲಿನ ಕೊನೆಯ ಸ್ವರವನ್ನ ಎಸೆದು ಬಿಡುತ್ತಾನೆ, ಅದು ಎಲ್ಲಿ ಬೀಳುತ್ತದೋ ಅವನಿಗೇ ಚಿಂತೆ ಇಲ್ಲ. ನಾನು ತಾಳ ಓಡಿತು ಅಂದ ಜಾಗದಲ್ಲಿ ಅವನು ಮಾತಿಗೆ ಒತ್ತು ಕೊಡೋಕೆ ಮುಂದೆ ಹೋಗಿದ್ದಾನೆ, ಆಮೇಲೆ ಕಾದು ಬ್ಯಾಂಡಿನವರನ್ನ ಸೇರಿಕೊಂಡಿದ್ದಾನೆ. ಎಲ್ಲ ಕಡೆ ಅಲ್ಲ, ಒಂದೆರಡು ಹಾಡಲ್ಲಿ ನಿಜಕ್ಕೂ ಶ್ರುತಿ ಜಾರಿದೆ, ಅದನ್ನ ಬಿಟ್ಟುಕೊಡಲ್ಲ. ಆದರೆ ನಾನು ಆ ಒಂದೆರಡನ್ನು ಮಾತ್ರ ಕೇಳಿಸಿಕೊಂಡಿದ್ದೆ. 2025ರ ಜನವರಿಯಲ್ಲಿ ಅವನು ಬಿಗ್ ಬಾಸ್ ಗೆದ್ದಾಗಲೂ ನಿನಗೆ ಒಂದು ಮೆಸೇಜ್ ಹಾಕಲಿಲ್ಲ ನಾನು.

ಹಾಗಂತ ಈಗಿನ ಜಡ್ಜ್‌ಗಳ ಹಾಗೆ ಎಲ್ಲದಕ್ಕೂ "ಮೈ ಜುಮ್ ಅಂತು" ಅನ್ನಬೇಕು ಅಂತಲ್ಲ. ಆ ಹುಡುಗಿಗೆ ಉಸಿರಿನ ವಿಷಯ ಒಬ್ಬರಾದರೂ ಹೇಳಬೇಕಿತ್ತಾ, ಇಲ್ಲವಾ? ಈಟಿವಿ ಕನ್ನಡದ ಎದೆ ತುಂಬಿ ಹಾಡುವೆನು ನೆನಪಿದೆಯಲ್ಲ. ಅದನ್ನ ನಡೆಸಿಕೊಡ್ತಿದ್ದ ಗಾಯಕ ಎಸ್‌ಪಿಬಿ ಮನೆಮಾತು ತೆಲುಗು, ನಮ್ಮ ಮಕ್ಕಳ ಕನ್ನಡ ತಿದ್ದುತ್ತಿದ್ದದ್ದು ಅವರು! ನಗುನಗುತ್ತಲೇ, ತಾವೇ ಆ ಸಾಲು ಹಾಡಿ ತೋರಿಸಿ, ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಕಥೆ ಹೇಳಿ. ತಪ್ಪು ಹೇಳಿಸಿಕೊಂಡ ಮಗು ಬಹುಮಾನ ಬಂದ ಹಾಗೆ ಹೋಗಿ ಕೂತುಕೊಳ್ಳುತ್ತಿತ್ತು. ಅವರು ತೀರಿಕೊಂಡಿದ್ದು 2020ರ ಸೆಪ್ಟೆಂಬರ್ 25. ಮರುವರ್ಷ ಕಲರ್ಸ್ ಕನ್ನಡದಲ್ಲಿ ಅದೇ ಹೆಸರಿನ ಶೋ ಮತ್ತೆ ಬಂತು, ಅಮ್ಮ ಎರಡು ವಾರ ನೋಡಿ ಬಿಟ್ಟರು. ಶೋ ಕೆಟ್ಟದಿತ್ತು ಅಂತಲ್ಲ, ಆ ಕುರ್ಚಿಯಲ್ಲಿ ಬೇರೆಯವರನ್ನ ನೋಡೋಕೆ ಆಗಲಿಲ್ಲ ಅವರಿಗೆ.

ಆ ಹೆಸರು ಬಂದಿದ್ದೇ ಜಿ.ಎಸ್. ಶಿವರುದ್ರಪ್ಪನವರ ಪದ್ಯದಿಂದ ಅಲ್ವಾ. ಅವರು 'ಹಾಡಿದೆನು' ಅಂದಿದ್ದನ್ನ ಶೋನವರು 'ಹಾಡುವೆನು' ಮಾಡಿಕೊಂಡರು. ನೀವು ಕೂತು ಕೇಳಿದರೆ ಅದೇ ಬಹುಮಾನ, ಹಾಡೋ ಹಕ್ಕಿಗೆ ಬಿರುದು ಯಾಕೆ ಅನ್ನೋ ಪದ್ಯ ಅದು. ಅದರ ಹೆಸರಲ್ಲೇ ಸ್ಪರ್ಧೆ ಇಟ್ಟು ಮಾರ್ಕ್ಸ್ ಕೊಟ್ಟರು ನಮ್ಮವರು, ನಾನೂ ಮನೆಯಲ್ಲಿ ಕೂತು ಮಾರ್ಕ್ಸ್ ಹಾಕಿದೆ.

ಸರಿ, ಸಿಟ್ಟು ಬಿಡು. ಅವರೆಕಾಯಿ ಮುಗಿಯೋದರೊಳಗೆ ಬಾ, ಬರುವಾಗ ಜೋಳದ ರೊಟ್ಟಿ ತಾ, ಅಮ್ಮ ಕೇಳಿದ್ದಾರೆ.

ಆ ಹುಡುಗಿಯ ಕ್ಲಿಪ್ ವಾಟ್ಸಾಪ್ ಮಾಡಿದ್ದೇನೆ. ಶುರುವಿನ ಮಾತಿನ ಭಾಗ ಓಡಿಸಿಬಿಡು, ಕೊನೆಗೆ ಜಡ್ಜ್‌ಗಳು ಮಾತಾಡೋದೂ ಬೇಡ. ಉಸಿರು ತಪ್ಪಿದ ಪದ ಯಾವುದು ಅಂತ ನಾನು ಹೇಳಲ್ಲ. ನಿನಗೇ ಗೊತ್ತಾದರೆ ಹೇಳು, ಗೊತ್ತಾಗದಿದ್ದರೆ ಇನ್ನೂ ಒಳ್ಳೆಯದು.

ನಿನ್ನ,
ಪೇಪರ್ ತಿದ್ದುವವನು