ರಿಪೇರಿ ಮುಗಿದ ಮೇಲೆ ಕೇಳುವ ಹೊಸ ಸದ್ದು

ಮಾನ್ಯ ಸಂಪಾದಕರೇ,

ಕಾರಿನ ಆಯಿಲ್, ಪ್ಲಗ್, ಬೆಲ್ಟುಗಳನ್ನು ಮನೆಯಲ್ಲೇ ಬದಲಿಸಿಕೊಳ್ಳುವುದು ಹೇಗೆಂದು ತಿಳಿಸುವ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬಿಚ್ಚುವ, ಜೋಡಿಸುವ ಕ್ರಮವನ್ನು ಅವು ಚೆನ್ನಾಗಿಯೇ ಹೇಳುತ್ತವೆ. ಆದರೆ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಾಗ ಹಿಂದೆಂದೂ ಇರದಿದ್ದ ಸದ್ದೊಂದು ಎದ್ದರೆ ಮುಂದೇನು ಎಂಬ ಮಾತು ಅವುಗಳಲ್ಲಿ ಇರುವುದೇ ಅಪರೂಪ. ಬೇಡದ ಬಿಡಿಭಾಗಕ್ಕೆ ಹಣ ಸುರಿಯುವುದು, ಕೆಲವೊಮ್ಮೆ ಎಂಜಿನ್ನನ್ನೇ ಕಳೆದುಕೊಳ್ಳುವುದು ಆ ಗಳಿಗೆಯಲ್ಲೇ. ಆದ್ದರಿಂದ ಈ ಪತ್ರ.

ನಿನ್ನೆ ಇಲ್ಲದ ಸದ್ದು ಇವತ್ತು ಬಂದಿದೆ ಎಂದರೆ, ನಡುವೆ ಕೈಯಾಡಿದ ಜಾಗವನ್ನೇ ಮೊದಲು ಅನುಮಾನಿಸಬೇಕು. ಪ್ಲಗ್ ಹಾಕಿದ ಮೇಲೆ ಟಿಕ್ ಟಿಕ್ ಕೇಳಿದರೆ ವಾಲ್ವ್ ಒತ್ತುವ ಟ್ಯಾಪೆಟ್ ಸವೆದಿದೆ ಎಂದು ತೀರ್ಮಾನಿಸಿ ವಾಲ್ವ್ ಕವರ್ ಬಿಚ್ಚಲು ಹೊರಡಬಾರದು. ಮುಟ್ಟಿದ ಬೋಲ್ಟು, ಹೋಸ್, ಕನೆಕ್ಟರ್, ಕ್ಲಿಪ್ಪುಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು, ಕೊನೆಗೆ ಹಾಕಿದ್ದರಿಂದ ಮೊದಲು ಬಿಚ್ಚಿದ್ದರವರೆಗೆ ಒಂದೊಂದಾಗಿ ನೋಡುತ್ತ ಬನ್ನಿ. ಕೆಲಸಕ್ಕೆ ಅಡ್ಡ ಬಂತೆಂದು ಪಕ್ಕಕ್ಕೆ ಸರಿಸಿದ್ದೂ ಪಟ್ಟಿಯಲ್ಲಿರಲಿ: ಏರ್ ಫಿಲ್ಟರ್ ಪೈಪು, ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್, ಸೈಲೆನ್ಸರ್ ಪೈಪಿನ ಮೇಲಿನ ಶಾಖ ತಡೆಯುವ ತಗಡು. ತಪ್ಪು ಬಹಳ ಸಲ ಸಿಗುವುದು ಅಲ್ಲೇ. ಉಪಕರಣದ ಪೆಟ್ಟಿಗೆಯಲ್ಲಿ ಸಾಕೆಟ್ಟೊಂದು ಕಡಿಮೆಯಿದ್ದರೆ ಅದು ಸಿಗುವ ತನಕ ಸೆಲ್ಫ್ ಹೊಡೆಯಬೇಡಿ.

ಎಲ್ಲ ಸದ್ದನ್ನೂ ನಿಂತು ಕೇಳುವಂತಿಲ್ಲ. ಸ್ಟಾರ್ಟ್ ಆದ ಮೇಲೂ ಆಯಿಲ್‌ನ ಕೆಂಪು ದೀಪ ಆರದೆ ಉರಿಯುತ್ತಲೇ ಇರುವಾಗ ಬರುವ ಯಾವುದೇ ಸದ್ದು, ಎಂಜಿನ್ನಿನ ತಳದಿಂದ ಸುತ್ತಿಗೆಯಲ್ಲಿ ಬಡಿದಂತೆ ಬರುವ ಭಾರದ ಹೊಡೆತ, ವಾಲ್ವುಗಳನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕೆಲಸ ಆದ ಮೇಲೆ ಲೋಹಕ್ಕೆ ಲೋಹ ತಾಗುವ ಸದ್ದು, ಈ ಮೂರರಲ್ಲಿ ಒಂದು ಕೇಳಿದರೂ ತಕ್ಷಣ ಆಫ್ ಮಾಡಿ. ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಎನ್ನಬೇಡಿ. ಟೈಮಿಂಗ್ ಒಂದೆರಡು ಹಲ್ಲು ತಪ್ಪಿದರೂ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಹಾಗಾಗಿ ಬೆಲ್ಟ್ ಹಾಕಿದ ಮೇಲೆ ಪ್ಲಗ್ಗುಗಳನ್ನು ತೆಗೆದು, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ಬೋಲ್ಟಿಗೆ ಸಾಕೆಟ್ ಕೊಟ್ಟು, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಟೈಮಿಂಗ್ ಗುರುತುಗಳು ಮತ್ತೆ ಕೂಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ.

ಆಯಿಲ್ ಬದಲಿಸಿದ ಮೇಲಿನ ಮೊದಲ ಸ್ಟಾರ್ಟಿನಲ್ಲಿ ಎರಡು ಮೂರು ಸೆಕೆಂಡು ಕಟಕಟ ಎನ್ನುವುದು ಸಹಜ. ಖಾಲಿ ಫಿಲ್ಟರ್ ತುಂಬಲು ಅಷ್ಟು ಹೊತ್ತು ಬೇಕು. ಅದೇ ಸದ್ದು ದಿನಾ ಬೆಳಗ್ಗೆ ಬಂದರೆ ಫಿಲ್ಟರಿನೊಳಗೆ ಆಯಿಲ್ ಹಿಂದಿರುಗದಂತೆ ತಡೆಯುವ ವಾಲ್ವ್ ಸರಿಯಿಲ್ಲ ಎಂದು ಅನುಮಾನಿಸಬಹುದು. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು, ಹೊಸದು ಅದರ ಮೇಲೆ ಕೂತಿದ್ದರೆ ಒತ್ತಡಕ್ಕೆ ಆಯಿಲ್ ಹೊರಚಿಮ್ಮಿ ನಿಮಿಷಗಳಲ್ಲಿ ಬೇರಿಂಗ್ ಹೋಗುತ್ತದೆ. ಹಳೆಯದನ್ನು ಎಸೆಯುವ ಮುಂಚೆ ಅದರ ರಿಂಗ್ ಅದರಲ್ಲೇ ಇದೆಯೇ ನೋಡಿ. ಸ್ಕ್ರೂ ಮಾದರಿಯ ಹೊಸ ಫಿಲ್ಟರನ್ನು ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಿಂದ ಬಿಗಿದರೆ ಸಾಕು. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆ ದಾಟಿದ್ದರೂ ತೊಂದರೆಯೇ: ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಆ ಗಾಳಿ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿಗೆ ಹೊಕ್ಕು ಅವು ಟಿಕ್‌ಗುಟ್ಟುತ್ತವೆ.

ಅತಿ ಹೆಚ್ಚು ದಾರಿ ತಪ್ಪಿಸುವುದು ಈ ಟಿಕ್ ಟಿಕ್ ಸದ್ದೇ. ಇದಕ್ಕೆ ಮೊಬೈಲ್ ಫೋನ್ ಒಳ್ಳೆಯ ಉಪಕರಣ. ಎಂಜಿನ್ 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ಐಡ್ಲಿಂಗ್ ಇದ್ದಾಗ ಕ್ರ್ಯಾಂಕ್ ಸೆಕೆಂಡಿಗೆ ಹದಿಮೂರು ಸುತ್ತು ಚಿಲ್ಲರೆ ತಿರುಗುತ್ತದೆ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಅದರ ಅರ್ಧ. ಸದ್ದನ್ನು ರೆಕಾರ್ಡ್ ಮಾಡಿ ಕಾಲು ವೇಗದಲ್ಲಿ ಕೇಳುತ್ತ ಹತ್ತು ಸೆಕೆಂಡಿನಲ್ಲಿ ಎಷ್ಟು ಟಿಕ್ ಬಂತೆಂದು ಎಣಿಸಿ. 17ರ ಆಸುಪಾಸು ಬಂದರೆ ಕ್ಯಾಮಿನ ಲಯ: ಟ್ಯಾಪೆಟ್ ಇರಬಹುದು, ಇಲ್ಲವೇ ಒಂದು ಸಿಲಿಂಡರಿನಿಂದ ಗಾಳಿ ಸೋರುತ್ತಿರಬಹುದು. 33ರ ಹತ್ತಿರ ಬಂದರೆ ಕ್ರ್ಯಾಂಕಿನ ಲಯ: ಕ್ರ್ಯಾಂಕ್ ಪುಲ್ಲಿ, ಫ್ಲೈವೀಲಿಗೆ ತಾಗುತ್ತಿರುವ ತಗಡು, ಅಥವಾ ಕನೆಕ್ಟಿಂಗ್ ರಾಡ್ ಬೇರಿಂಗ್.

ಕ್ಯಾಮಿನ ಲಯದಲ್ಲಿರುವ ಸದ್ದು ಸೋರಿಕೆಯದೋ ಟ್ಯಾಪೆಟ್ಟಿನದೋ ಎಂದು ತಿಳಿಯಲು ಒಂದು ಮೀಟರ್ ಉದ್ದದ ರಬ್ಬರ್ ಹೋಸ್ ತೆಗೆದುಕೊಳ್ಳಿ. ಒಂದು ತುದಿ ಕಿವಿಯ ಬಳಿ, ಇನ್ನೊಂದು ಪ್ಲಗ್ ಬಾವಿಗಳ ಬಾಯಲ್ಲಿ, ಆಮೇಲೆ ಎಂಜಿನ್ನಿನಿಂದ ಹೊಗೆ ಒಯ್ಯುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಉದ್ದಕ್ಕೂ. ಸಡಿಲ ಪ್ಲಗ್ ಚಫ್ ಚಫ್ ಎಂದು ಉಸಿರು ಬಿಡುತ್ತದೆ. ಮ್ಯಾನಿಫೋಲ್ಡ್ ಸೋರಿಕೆ ತಣ್ಣಗಿದ್ದಾಗ ಜೋರಾಗಿದ್ದು, ಲೋಹ ಕಾದು ಹಿಗ್ಗಿದಂತೆ ಕುಗ್ಗುತ್ತದೆ. ಲೋಹದ ಬಡಿತ ಹುಡುಕಲು ಉದ್ದದ ಸ್ಕ್ರೂಡ್ರೈವರ್ ಬೇಕು: ತುದಿ ವಾಲ್ವ್ ಕವರಿನ ಮೇಲೆ, ಹಿಡಿ ಕಿವಿಯ ಎಲುಬಿಗೆ. ತೋಳು, ಶಾಲು, ಕೂದಲು ಬೆಲ್ಟಿನಿಂದ ದೂರವಿರಲಿ. ರೇಡಿಯೇಟರ್ ಫ್ಯಾನ್ ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು.

ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆಯೇ ಬಿಗಿಯಬೇಕು. ವಾಷರ್ ಇರುವ 14 ಮಿ.ಮೀ. ಪ್ಲಗ್ ಅಲ್ಯೂಮಿನಿಯಂ ಹೆಡ್ಡಿನಲ್ಲಿದ್ದರೆ ಬಿಗಿತ, ಅಂದರೆ ಟಾರ್ಕ್, ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಹೊಸ ಪ್ಲಗ್ಗನ್ನು ಬೆರಳಿನಿಂದ ಕೂರಿಸಿ ಅರ್ಧದಿಂದ ಮೂರನೇ ಎರಡು ಸುತ್ತು. ವಾಷರ್ ಇಲ್ಲದ ಓರೆ ಸೀಟಿನದಕ್ಕೆ ಹದಿನಾರನೇ ಒಂದು ಸುತ್ತು ಮಾತ್ರ. ಓರೆ ಸೀಟಿನದನ್ನು ವಾಷರಿನದರಷ್ಟು ತಿರುಗಿಸಿದರೆ ಹೆಡ್ಡಿನ ಮರೆ (ಥ್ರೆಡ್) ಕಿತ್ತು ಬರಬಹುದು.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುವ ಹೊರಗಿನ ಬೆಲ್ಟಿನ ಕೀರಲಿಗೆ ನೀರಿನ ಪರೀಕ್ಷೆ ಇದೆ. ಓಡುತ್ತಿರುವ ಬೆಲ್ಟಿನ ಗೆರೆಯ ಮುಖಕ್ಕೆ ದೂರದಿಂದ ತುಸು ನೀರು ಸಿಂಪಡಿಸಿ. ಸದ್ದು ಅಡಗಿ ಮತ್ತೆ ಬಂದರೆ ಪುಲ್ಲಿಗಳು ಒಂದೇ ನೇರಕ್ಕಿಲ್ಲ. ಜೋರಾದರೆ ಬೆಲ್ಟ್ ಸಡಿಲ. ಮನೆ ಕೆಲಸದಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ಬೆಲ್ಟ್ ಪುಲ್ಲಿಯ ಮೇಲೆ ಒಂದು ಗೆರೆ ಪಕ್ಕಕ್ಕೆ ಕೂರುವುದು. ಟಾರ್ಚ್ ಹಿಡಿದು ಎರಡೂ ಅಂಚಿನ ಗೆರೆ ಎಣಿಸಿದರೆ ಸಿಕ್ಕಿಬೀಳುತ್ತದೆ. ಗುಂಯ್ ಎನ್ನುವ ಸದ್ದು ಆಲ್ಟರ್ನೇಟರಿನದೋ ಎಂಜಿನ್ ಒಳಗಿನದೋ ಎಂಬ ಅನುಮಾನವಿದ್ದರೆ, ಆ ಹೊರಗಿನ ಬೆಲ್ಟನ್ನು ತೆಗೆದು ತಣ್ಣನೆಯ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ. ಅದಕ್ಕಿಂತ ಹೆಚ್ಚು ಬೇಡ, ವಾಟರ್ ಪಂಪ್ ನಿಂತಿರಬಹುದು. ಸದ್ದು ಹೋದರೆ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದಾಗ ಯಾವುದು ಗರಗರ ಎನ್ನುತ್ತದೋ ಅದೇ. ಟೈಮಿಂಗ್ ಬೆಲ್ಟಿಗೂ, ಬೆಲ್ಟಿನಿಂದಲೇ ಸ್ಟಾರ್ಟ್ ಆಗುವ ಹೈಬ್ರಿಡ್ ಕಾರಿಗೂ ಈ ಪರೀಕ್ಷೆ ಸಲ್ಲದು.

ಬುಸ್ ಎನ್ನುವ ಸದ್ದಿನ ಜೊತೆ ಐಡ್ಲಿಂಗ್ ಏರಿಳಿಯುತ್ತಿದ್ದರೆ ಹೋಸೊಂದು ಬಿಟ್ಟುಹೋಗಿದೆ ಅಥವಾ ಏರ್ ಪೈಪಿನ ರಬ್ಬರ್ ಸರಿಯಾಗಿ ಕೂತಿಲ್ಲ. ಕಾರಿನ ದೋಷ ಓದುವ ಸ್ಕ್ಯಾನರಿನಲ್ಲಿ, ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಎಂದು ಹೇಳುವ ಪಿ0171 ಕೋಡ್ ಕಾಣಬಹುದು. ಹುಡುಕಲು ಪೆಟ್ರೋಲನ್ನಾಗಲಿ ಹೊತ್ತಿಕೊಳ್ಳುವ ಸ್ಪ್ರೇಯನ್ನಾಗಲಿ ಚಿಮುಕಿಸುವುದು ಅಪಾಯ. ವೈರಿಂಗ್ ಇಲ್ಲದ ಜಾಗಕ್ಕೆ ನೀರಿನ ಹನಿ ಸಾಕು. ಸೋರುವ ಬಾಯಿ ನೀರು ಕುಡಿದ ಕ್ಷಣ ಸದ್ದು ಬದಲಾಗುತ್ತದೆ.

ಏರು ಹತ್ತುವಾಗ ಮಾತ್ರ ಟಣಟಣ ಎಂದರೆ ಅದು ಇಂಧನ ಹೊತ್ತಿಕೊಳ್ಳುವ ಸಮಯ ತಪ್ಪಿದ ಸದ್ದು. ಈ ಸದ್ದನ್ನು ಗುರುತಿಸುವ ನಾಕ್ ಸೆನ್ಸರಿನ ಕನೆಕ್ಟರ್ ಕೂತಿದೆಯೇ ನೋಡಿ. ಅದರ ಬೋಲ್ಟಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಬೇಕು, ನಡುವೆ ಬೇರೆ ವಾಷರ್ ಇಡಬಾರದು. ಕೂಲೆಂಟ್ ಬದಲಿಸಿದ ಮೇಲೆ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಕೇಳಿದರೆ ಹೀಟರಿನಲ್ಲಿ ಗಾಳಿ ಉಳಿದಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆದು ಗಾಳಿ ಬಿಡಿಸಿ.

ರಿಪೇರಿ ವಿಧಾನ ತಿಳಿಸುವ ಬರಹ ಮುಂದೆ ಪ್ರಕಟವಾಗುವಾಗ ಮೂರು ವಿವರಗಳೂ ಜೊತೆಗಿರಲಿ ಎಂಬುದು ನನ್ನ ಕೋರಿಕೆ: ಆ ಕೆಲಸದ ಬೋಲ್ಟುಗಳ ಟಾರ್ಕ್, ಅದರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ, ಯಾವ ಸದ್ದು ಕೇಳಿದರೆ ಎಂಜಿನ್ ಆಫ್ ಮಾಡಬೇಕು ಎಂಬುದು. ಕೆಲಸ ಶುರುಮಾಡುವ ಮುಂಚೆ ಬಾನೆಟ್ ಎತ್ತಿ ಎಂಜಿನ್ನಿನ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದೂ ಬರೆಯಿರಿ. ಇಂಧನ ಚಿಮ್ಮಿಸುವ ಇಂಜೆಕ್ಟರುಗಳ ಸಹಜ ಚಿಟಿಚಿಟಿಯನ್ನು ರಿಪೇರಿಯಾದ ಮೇಲೆ ಮೊದಲ ಬಾರಿಗೆ ಗಮನವಿಟ್ಟು ಕೇಳಿ ಗಾಬರಿಯಾಗುವವರಿಗೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಇತಿ,
ಒಬ್ಬ ಮೆಕ್ಯಾನಿಕ್