ಹೊರನಾಡಿನವರು ಬಲ್ಲ ಬೆಂಗಳೂರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿದೆ. ಸ್ಟುಟ್‌ಗಾರ್ಟ್‌ನ ನಿನ್ನ ಸಹೋದ್ಯೋಗಿಗಳು ನಿನ್ನ ಊರು ಯಾವುದೆಂದು ಕೇಳಿ, ನೀನು ಬೆಂಗಳೂರು ಎಂದೊಡನೆ ಮೊದಲು ಸಾಫ್ಟ್‌ವೇರ್, ಆಮೇಲೆ ಟ್ರಾಫಿಕ್, ಅದಾದ ಮೇಲೆ ನೊರೆ ಉಕ್ಕುವ ಕೆರೆ ಎಂದು ಮೂರೇ ಮಾತಿನಲ್ಲಿ ನಮ್ಮೂರನ್ನು ಮುಗಿಸಿಬಿಡುತ್ತಾರೆಂದು ಬೇಸರಪಟ್ಟಿದ್ದೀಯೆ. ಅವರಿಗೆ ಏನು ಹೇಳಲಿ ಎಂದೂ ಕೇಳಿದ್ದೀಯೆ. ಈ ಪ್ರಶ್ನೆ ನನ್ನನ್ನೂ ಬಹಳ ಕಾಲದಿಂದ ಕಾಡಿದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಜಗತ್ತಿನ ದೊಡ್ಡ ನಗರಗಳಲ್ಲಿ ಹೆಚ್ಚಿನವಕ್ಕೆ ಕಣ್ಣಿಗೆ ಕಟ್ಟುವ ಒಂದು ಚಿತ್ರವಿದೆ. ಪ್ಯಾರಿಸ್ ಎಂದರೆ ಐಫೆಲ್ ಗೋಪುರ, ಸಿಡ್ನಿ ಎಂದರೆ ಒಪೆರಾ ಹೌಸ್. ನಮ್ಮ ದೇಶದಲ್ಲೇ ಆಗ್ರಾಕ್ಕೆ ತಾಜ್ ಮಹಲ್, ಹೈದರಾಬಾದಿಗೆ ಚಾರ್‌ಮಿನಾರ್. ಐಫೆಲ್ ಗೋಪುರ ಜನರಿಗೆ ತೆರೆದುಕೊಂಡ 1889ರಲ್ಲಿಯೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೂ ಅಡಿಗಲ್ಲು ಬಿತ್ತು. ಆದರೆ ಗಾಜಿನ ಮನೆಯ ಚಿತ್ರವನ್ನಾಗಲಿ, ವಿಧಾನಸೌಧದ ಚಿತ್ರವನ್ನಾಗಲಿ ತೋರಿಸಿದರೆ ನಿನ್ನ ಕಚೇರಿಯಲ್ಲಿ ಗುರುತು ಹಿಡಿಯುವವರು ಸಿಗುವುದು ಕಷ್ಟ. ಬೆಂಗಳೂರನ್ನು ಹೊರಗಿನವರು ಕಂಡು ಬಲ್ಲವರಲ್ಲ. ಇಲ್ಲಿಂದ ಏನನ್ನಾದರೂ ತರಿಸಿಕೊಂಡು, ಅದರ ಮೂಲಕ ಊರಿನ ಹೆಸರನ್ನು ಬಲ್ಲವರು. ಹಾಗೆ ತರಿಸಿಕೊಂಡ ಸರಕು ಕಾಲಕಾಲಕ್ಕೆ ಬದಲಾಗಿದೆ, ಹೆಸರಿಗೆ ಅಂಟಿದ ಕೀರ್ತಿಯೂ ಅದರೊಡನೆ ಬದಲಾಗುತ್ತ ಬಂದಿದೆ.

ಸಾಫ್ಟ್‌ವೇರಿಗಿಂತ ಎಷ್ಟೋ ಮೊದಲು ನಮ್ಮೂರಿನ ಹೆಸರನ್ನು ದೂರದ ದೇಶಗಳಿಗೆ ಒಯ್ದದ್ದು ಒಂದು ಸ್ಫೋಟಕ. ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ಪಡೆಯಲ್ಲಿದ್ದ ಮೆಕ್‌ಕ್ಲಿಂಟಾಕ್ ಎಂಬ ಬ್ರಿಟಿಷ್ ಅಧಿಕಾರಿ 1912ರಲ್ಲಿ, ಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ದೂರದಿಂದಲೇ ಮುಳ್ಳುತಂತಿಯ ಬೇಲಿಯ ಅಡಿಗೆ ತಳ್ಳಿ ಸಿಡಿಸುವ ಸಾಧನವನ್ನು ರೂಪಿಸಿದ. ಅದೇ ಬ್ಯಾಂಗಲೋರ್ ಟಾರ್ಪಿಡೊ. 1944ರ ಜೂನ್‌ನಲ್ಲಿ ನಾರ್ಮಂಡಿಯ ತೀರದಲ್ಲಿ ಇಳಿದ ಅಮೆರಿಕದ ಸೈನಿಕರು ಜರ್ಮನ್ನರ ತಂತಿಬೇಲಿಯನ್ನು ಸೀಳಿ ದಾರಿ ಮಾಡಿಕೊಂಡದ್ದು ಇದರಿಂದಲೇ. ಒಂದು ತಲೆಮಾರಿನ ಯೋಧರಿಗೆ ನಮ್ಮೂರೆಂದರೆ ಕೈಯಲ್ಲಿ ಹಿಡಿದ ಆ ಕೊಳವೆಯಷ್ಟೇ ಆಗಿತ್ತು.

ಮಲೇಷ್ಯಾ, ಸಿಂಗಪುರಗಳ ಅಡುಗೆಮನೆಗಳಲ್ಲಿ ಬೆಂಗಳೂರು ಎಂದರೆ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಬೆಳೆಯುವ ಗುಲಾಬಿ ಈರುಳ್ಳಿ ಗಾತ್ರದಲ್ಲಿ ಚಿಕ್ಕದು, ಬುಡ ಚಪ್ಪಟೆ, ಬಣ್ಣ ಕಡುಗೆಂಪು, ಘಾಟು ಜೋರು. 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ, ಅಂದರೆ ಇದು ಈ ನೆಲದ್ದೇ ಬೆಳೆ ಎಂಬ ಅಧಿಕೃತ ಗುರುತೂ, ಸಿಕ್ಕಿತು. ಬೆಳೆದದ್ದು ಬಹುಪಾಲು ಹಡಗು ಹತ್ತುತ್ತದೆ. ನಮ್ಮ ಹುಳಿಗೆ, ಪಲ್ಯಕ್ಕೆ ನಾವು ಕೊಳ್ಳುವುದು ದೊಡ್ಡ ಈರುಳ್ಳಿಯನ್ನು. ನಮ್ಮೂರಿನ ಹೆಸರು ಹೊತ್ತ ಬೆಳೆಯ ರುಚಿ ನಮಗಿಂತ ಚೆನ್ನಾಗಿ ಕೌಲಾಲಂಪುರದ ಗೃಹಿಣಿಗೆ ಗೊತ್ತಿರುವುದು ನನಗೆ ಅಚ್ಚರಿಯನ್ನೂ ಒಂದಿಷ್ಟು ಸಂತೋಷವನ್ನೂ ಕೊಡುತ್ತದೆ. ಆಫ್ರಿಕಾದಿಂದ, ಕೊಲ್ಲಿ ದೇಶಗಳಿಂದ ಚಿಕಿತ್ಸೆಗೆಂದು ಬರುವವರಿಗೆ ಇದು ಆಸ್ಪತ್ರೆಗಳ ಊರು. ಐಟಿ ಎಂಬ ಒಂದೇ ಕಿಟಕಿಯಿಂದ ಜಗತ್ತೆಲ್ಲ ನಮ್ಮನ್ನು ನೋಡುತ್ತಿದೆ ಎಂಬ ನಿನ್ನ ಮಾತನ್ನು ಆದ್ದರಿಂದಲೇ ನಾನು ಪೂರ್ತಿ ಒಪ್ಪಲಾರೆ.

ಆದರೂ ಐಟಿಯ ಕೀರ್ತಿಯೇ ಎಲ್ಲಕ್ಕಿಂತ ದೊಡ್ಡದು, ಅದು ಸುಳ್ಳೂ ಅಲ್ಲ. ನನ್ನ ತಕರಾರು ಇರುವುದು ಆ ಕಥೆ ಎಲ್ಲಿಂದ ಆರಂಭವಾಗುತ್ತದೆ ಎಂಬುದರಲ್ಲಿ. ಹೊರಗಿನವರು ಅದನ್ನು ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿಗೆ ಬಂದ 1985ರಿಂದ ಹೇಳುತ್ತಾರೆ, ಮುಂಚೆ ಇಲ್ಲಿದ್ದದ್ದು ಪಿಂಚಣಿದಾರರ ಬಂಗಲೆಗಳು ಮತ್ತು ಮರದ ನೆರಳು ಮಾತ್ರ ಎಂಬಂತೆ. ಆದರೆ ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಯ ದೀಪ ಹೊತ್ತಿಸಿತ್ತು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ, ನಾವು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿತು. 1940ರಲ್ಲಿ ವಿಮಾನ ಕಟ್ಟುವ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, ಮರುವರ್ಷ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಬಂದವು. ನನ್ನ ತಂದೆ ಎಚ್‌ಎಂಟಿಯ ಕಾರ್ಮಿಕರಾಗಿದ್ದುದು ನಿನಗೆ ಗೊತ್ತೇ ಇದೆ. ಜಾಲಹಳ್ಳಿಯ ಆ ಕಾಲೊನಿಯಲ್ಲಿ ಮೈಕ್ರೋಮೀಟರ್ ಹಿಡಿದು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದವರ ಮಕ್ಕಳು ಎಂಜಿನಿಯರಿಂಗ್ ಓದಿದರು, ಅವರಲ್ಲಿ ಅನೇಕರು ಮುಂದೆ ಕಂಪ್ಯೂಟರಿನ ಮುಂದೆ ಕುಳಿತರು. ಸರ್ಕಾರಿ ಕಾರ್ಖಾನೆಗಳ ಸೈರನ್ನಿಗೆ ಎದ್ದು ಮಲಗುತ್ತಿದ್ದ ಆ ಮನೆಗಳು ಇಲ್ಲದಿದ್ದರೆ ವಿದೇಶಿ ಕಂಪನಿಗಳು ಬರೀ ತಂಪು ಹವೆಯನ್ನು ನಂಬಿ ಇಲ್ಲಿಗೆ ಬರುತ್ತಿರಲಿಲ್ಲ ಎಂದೇ ನನ್ನ ದೃಢವಾದ ನಂಬಿಕೆ.

ಈ ಮಾತಿಗೆ ನಿನ್ನ ಊರಿನದೇ ಸಾಕ್ಷಿ ಇದೆ. ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿಯ ಭಾರತದ ಶಾಖೆಯಾದ ಮೈಕೋ ಐವತ್ತರ ದಶಕದಲ್ಲೇ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದು ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು. ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಾಗ ಅದಕ್ಕೆ ಇಲ್ಲಿ ಸಿಕ್ಕ ಮೊದಲ ಗ್ರಾಹಕರಲ್ಲಿ ಈ ಮೈಕೋ ಒಂದು. ಕಾರ್ಖಾನೆ ಮೊದಲು, ಸಾಫ್ಟ್‌ವೇರ್ ಆಮೇಲೆ: ಇದನ್ನು ನಿನ್ನ ಸಹೋದ್ಯೋಗಿಗಳಿಗೆ ಅವಶ್ಯವಾಗಿ ಹೇಳು.

ಇನ್ನು ಎತ್ತಿನ ಗಾಡಿಯ ಮೇಲೆ ಉಪಗ್ರಹವಿರುವ ಆ ಫೋಟೋ. ವಿದೇಶಗಳಲ್ಲಿ ಅದನ್ನು ನೋಡಿದವರು, ಲಾರಿಗೂ ಗತಿಯಿಲ್ಲದ ದೇಶ ಬಾಹ್ಯಾಕಾಶಕ್ಕೆ ಕೈಚಾಚಿತು ಎಂದು ಮರುಕವೋ ಮೆಚ್ಚುಗೆಯೋ ತಿಳಿಯದ ದನಿಯಲ್ಲಿ ಮಾತನಾಡುತ್ತಾರೆ. ಅದು 1981ರಲ್ಲಿ ಬೆಂಗಳೂರಿನಲ್ಲಿ ತೆಗೆದ ಚಿತ್ರ. ಆ್ಯಪಲ್ ಎಂಬ ಸಂಪರ್ಕ ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾಗಿತ್ತು. ಕೆಳಗೆ ಲೋಹದ ವಾಹನವಿದ್ದರೆ ರೇಡಿಯೊ ಅಲೆಗಳು ಅದಕ್ಕೆ ಬಡಿದು ಹಿಂದಿರುಗಿ ಅಳತೆಯೇ ಕೆಡುತ್ತದೆ. ಮರದ ಗಾಡಿಯಲ್ಲಿ ಆ ತೊಂದರೆ ಕಡಿಮೆ. ಆದ್ದರಿಂದ ಎಂಜಿನಿಯರುಗಳು ಗಾಡಿಯನ್ನು ಯೋಚಿಸಿಯೇ ಆರಿಸಿಕೊಂಡರು, ಅದೇ ವರ್ಷದ ಜೂನ್‌ನಲ್ಲಿ ಉಪಗ್ರಹ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ಟಿನಲ್ಲಿ ಮೇಲೇರಿತು. ಅದಕ್ಕೂ ಆರು ವರ್ಷ ಮೊದಲು, ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಅವರ ನೇತೃತ್ವದ ತಂಡ 360 ಕಿಲೋ ತೂಕದ ಆರ್ಯಭಟವನ್ನು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿತ್ತು. ದೇಶದ ಮೊದಲ ಉಪಗ್ರಹ ಹುಟ್ಟಿದ ಬಡಾವಣೆಯ ಹೆಸರು ಹೊರಗಿನವರಿಗಿರಲಿ, ದಿನವೂ ಪೀಣ್ಯವನ್ನು ಹಾದುಹೋಗುವ ನಮ್ಮವರಲ್ಲೇ ಎಷ್ಟು ಜನರಿಗೆ ಗೊತ್ತು?

ಟ್ರಾಫಿಕ್ ಮತ್ತು ಕೆರೆಯ ವಿಷಯದಲ್ಲಿ ಮಾತ್ರ ನಮ್ಮೂರನ್ನು ಸಮರ್ಥಿಸಲು ಹೋಗಬೇಡ. ನಗರಗಳ ವಾಹನ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷಕ್ಕೂ ಹೆಚ್ಚು ಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ನಿಂತವರಿಗೆ ಆ ಲೆಕ್ಕವೂ ಉದಾರವೆನ್ನಿಸುತ್ತದೆ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು, 2017ರಲ್ಲಿ ಕೆರೆಯಿಂದ ಮತ್ತೆ ಹೊಗೆ ಎದ್ದದ್ದು ನಿಜ. ಶುದ್ಧೀಕರಿಸದ ಚರಂಡಿ ನೀರು ಸೋಪಿನ ರಾಸಾಯನಿಕಗಳ ಸಮೇತ ಕೆರೆಗೆ ಬಂದು ಕೋಡಿಯಲ್ಲಿ ಧುಮುಕಿದಾಗ ನೊರೆಯಾಗುತ್ತದೆ. ಮನೆಮನೆಯ ಬಚ್ಚಲು, ಅಪಾರ್ಟ್‌ಮೆಂಟಿನ ಪೈಪು, ಕಣ್ಣುಮುಚ್ಚಿ ಕುಳಿತ ಆಡಳಿತ ಎಲ್ಲವೂ ಇದರಲ್ಲಿ ಪಾಲುದಾರರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ವಿದೇಶಿ ಪತ್ರಿಕೆಗಳು ಬರೆದದ್ದು ನಮಗೆ ನೋವಾಗಿದ್ದರೂ, ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣವನ್ನಾಗಿ, ಸಂಪಂಗಿ ಕೆರೆಯನ್ನು ಕ್ರೀಡಾಂಗಣವನ್ನಾಗಿ ಮಾಡಿಕೊಂಡ ಊರು ಆ ಮಾತನ್ನು ಕೇಳಿಸಿಕೊಳ್ಳಲೇಬೇಕು.

ನಿನ್ನ ಸಹೋದ್ಯೋಗಿಗಳಿಗೆ ನೀನು ಹೇಳಬಹುದಾದ ಇನ್ನೊಂದು ಹೆಸರಿದೆ, ಅದು ಅವರ ದೇಶದವನದೇ. ಡ್ರೆಸ್ಡೆನ್ ಬಳಿ ಹುಟ್ಟಿದ ಗುಸ್ತಾವ್ ಕ್ರುಂಬಿಗಲ್ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಕ್ಕೆ ಬಂದು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ. ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂಬ ಲೆಕ್ಕಾಚಾರದಲ್ಲಿ ನಮ್ಮ ರಸ್ತೆಗಳಿಗೆ ಮರಗಳನ್ನು ಆರಿಸಿದ. 1956ರಲ್ಲಿ ಇಲ್ಲಿಯೇ ತೀರಿಕೊಂಡ. ಅವನ ಸಮಾಧಿ ಹೊಸೂರು ರಸ್ತೆಯಲ್ಲಿದೆ. ಉದ್ಯಾನನಗರಿ ಎಂಬ ಕೀರ್ತಿಗೆ ಇಷ್ಟು ದುಡಿದವನ ಹೆಸರನ್ನು ನಿನ್ನ ಕಚೇರಿಯಲ್ಲಿ ಎಷ್ಟು ಮಂದಿ ಕೇಳಿದ್ದಾರೆಂದು ವಿಚಾರಿಸಿ ನನಗೆ ಬರೆ. ಮುಂದಿನ ಸಲ ಅವರಲ್ಲಿ ಯಾರಾದರೂ ನಿನ್ನೊಡನೆ ಬರುವುದಾದರೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಸರಿಹೊಂದುವಂತೆ ಟಿಕೆಟ್ ಮಾಡಿಸು. ಬೆಳಿಗ್ಗೆ ಲಾಲ್‌ಬಾಗ್ ತೋರಿಸಿ, ಮಧ್ಯಾಹ್ನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ ನಿನ್ನ ಗೆಳೆಯ,
ಮಲ್ಲೇಶ್ವರ, ಬೆಂಗಳೂರು