ಅಳತೆ ಪಾತ್ರೆ ತರಿಸುವ ಮೊದಲು ಅರ್ತ್ ವೈರ್ ನೋಡಿ

ಮಾನ್ಯ ಸಂಪಾದಕರೇ,

ಪೆಟ್ರೋಲ್ ಬಂಕ್‌ಗಳಲ್ಲಿ ಅಳತೆ ಕಡಿಮೆ ಕೊಡುತ್ತಾರೆ ಎಂಬ ಪತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಂಥದೊಂದನ್ನು ನಾನೂ ಬರೆದಿದ್ದೆ. ಪುಣ್ಯಕ್ಕೆ ಅಂಚೆಗೆ ಹಾಕಿರಲಿಲ್ಲ. ಅದನ್ನು ಹರಿದು ಹಾಕಿ ಈಗ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹನ್ನೆರಡು ವರ್ಷದ ಸಣ್ಣ ಕಾರು. ಟ್ಯಾಂಕು 35 ಲೀಟರಿನದು. ಗದಗಿನಲ್ಲಿರುವ ಮಗಳ ಮನೆಯಿಂದ ಹುಬ್ಬಳ್ಳಿಗೆ ವಾಪಸ್ ಬರುತ್ತಿದ್ದಾಗ ಅಣ್ಣಿಗೇರಿ ದಾಟುವಷ್ಟರಲ್ಲಿ ಕತ್ತಲಾಗಿತ್ತು. ದಾರಿಯ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದೆ. ಗಾಡಿ ಚಾಲೂ ಮಾಡಿ ಲೈಟ್ ಹಾಕಿದೆ. ಪೆಟ್ರೋಲ್ ಮೀಟರಿನ ಮುಳ್ಳು ಮುಕ್ಕಾಲಿಗಿಂತ ಮೇಲೆ ಏರಲೇ ಇಲ್ಲ. ಇಳಿದು ಬಂಕಿನ ಹುಡುಗನ ಮೇಲೆ ಕೂಗಾಡಿದೆ. ಅವನು ಸಿಟ್ಟಾಗಲಿಲ್ಲ. 'ಕಾಕಾರ, ಬೇಕಂದ್ರ ಅಳದು ತೋರಸ್ತೀನ್ರಿ' ಎಂದು ಐದು ಲೀಟರಿನ ಅಳತೆ ಪಾತ್ರೆ ತಂದ. ಪೆಟ್ರೋಲ್ ಗೆರೆಗೆ ಸರಿಯಾಗಿ ಬಂದು ನಿಂತಿತು. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆಯಾಗಲು ನಿಯಮದಲ್ಲೇ ಅವಕಾಶವಿದೆ. ಇಲ್ಲಿ ಅಷ್ಟೂ ವ್ಯತ್ಯಾಸ ಇರಲಿಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದವನೇ ಪತ್ರ ಬರೆಯಲು ಕುಳಿತೆ.

ಬೆಳಿಗ್ಗೆ ಹಾಲು ತರಲು ಗಾಡಿ ತೆಗೆದರೆ ಮುಳ್ಳು ಫುಲ್ ಗೆರೆಯ ಮೇಲಿತ್ತು! ರಾತ್ರಿ ಹೋದ ಪೆಟ್ರೋಲ್ ಬೆಳಿಗ್ಗೆ ವಾಪಸ್ ಬಂದಿತ್ತು. 'ನಿಮ್ಮ ಪೆಟ್ರೋಲ್ ಕಳ್ಳ ಭಾಳ ಸಜ್ಜನ ಅದಾನ ಬಿಡ್ರಿ, ಮುಂಜಾನೆ ತಂದು ಹಾಕಿ ಹೋಗ್ಯಾನ' ಎಂದು ನನ್ನ ಹೆಂಡತಿ ನಕ್ಕಳು.

ಗ್ಯಾರೇಜಿಗೆ ಒಯ್ದೆ. ಯಾವುದು ಅಂತ ಹೇಳುವುದಿಲ್ಲ, ಬಹಳ ಕಡೆ ಇದೇ ಕತೆ ಅಂತ ಕೇಳಿದ್ದೇನೆ. ಅಲ್ಲಿನ ಹುಡುಗ ಕೆಲಸ ಗೊತ್ತಿಲ್ಲದವನೇನೂ ಅಲ್ಲ. ಹಿಂದಿನ ಸೀಟು ಎತ್ತಿ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ಅಳೆಯುವ ಸೆನ್ಸರಿನ ಕನೆಕ್ಟರ್ ಬಿಚ್ಚಿದ. ಮುಳ್ಳು ಖಾಲಿಗೆ ಇಳಿಯಿತು. ಎರಡು ತುದಿಗಳನ್ನು ವೈರಿನಿಂದ ಕೂಡಿಸಿದ. ಮುಳ್ಳು ಫುಲ್‌ಗೆ ಏರಿತು. ಅಂದರೆ ಮೀಟರ್ ಸರಿ ಇದೆ, ವೈರ್ ಕೂಡ ತುಂಡಾಗಿಲ್ಲ. ಅರ್ತ್ ವೈರಿಗೆ (ಕರೆಂಟು ಗಾಡಿಯ ತಗಡಿನ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ ಅದು) ಓಮ್, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದ. 'ಬೀಪ್' ಅಂತು, ಅಂದರೆ ದಾರಿ ತುಂಡಾಗಿಲ್ಲ. 'ಸರ್, ಸೆನ್ಸರ್ ಹೋಗೇತ್ರಿ, ಪೂರ್ತಿ ಅಸೆಂಬ್ಲಿನ ಚೇಂಜ್ ಮಾಡಬೇಕು' ಎಂದ. 6,800 ರೂಪಾಯಿ ಕೊಟ್ಟು ಬಂದೆ. ಹಳೇ ಸಾಮಾನು ವಾಪಸ್ ಕೇಳಿ ತಂದಿದ್ದೊಂದೇ ಆ ದಿನ ನಾನು ಮಾಡಿದ ಬುದ್ಧಿವಂತಿಕೆ.

ಎಂಟು ದಿನ ಹಗಲು ಓಡಾಡಿದೆ, ಎಲ್ಲ ಸರಿ ಅನಿಸಿತು. ಒಂದು ಮಧ್ಯಾಹ್ನ ಚೆನ್ನಮ್ಮ ಸರ್ಕಲ್ ಹತ್ತಿರ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಿದ್ದೆ. ಮುಳ್ಳು ಮೆಲ್ಲಗೆ ಕೆಳಗೆ ಜಾರತೊಡಗಿತು. ಹಸಿರು ದೀಪ ಬಂತು, ಬ್ರೇಕ್ ಬಿಟ್ಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಮೇಲೆ ಬಂತು.

ಬ್ರೇಕಿಗೂ ಪೆಟ್ರೋಲಿಗೂ ಏನು ಸಂಬಂಧ? ನಾನು ರೈಲ್ವೆಯಲ್ಲಿ ಮೂವತ್ತೆರಡು ವರ್ಷ ಬೋಗಿಗಳ ಲೈಟು, ಫ್ಯಾನು ನೋಡಿಕೊಂಡವನು. ನಾಚಿಕೆಯಾಯಿತು. ಬ್ರೇಕ್ ಒತ್ತಿದರೂ ಹಿಂದಿನ ಲೈಟ್ ಹತ್ತುತ್ತದೆ; ಲೈಟ್ ಹತ್ತಿದಾಗಲೇ ಮುಳ್ಳು ಇಳಿಯುತ್ತದೆ ಎಂಬುದು ಮೊದಲ ದಿನವೇ ಹೊಳೆಯಬೇಕಿತ್ತು ಅಲ್ವಾ?

ಟ್ಯಾಂಕಿನೊಳಗೆ ಇರುವುದು ಸರಳ ಸಾಮಾನು. ಒಂದು ಫ್ಲೋಟು, ಅದಕ್ಕೊಂದು ತೋಳು. ಫ್ಲೋಟು ಏರಿದಂತೆ, ಇಳಿದಂತೆ ತೋಳು ಒಂದು ಪಟ್ಟಿಯ ಮೇಲೆ ಜಾರುತ್ತದೆ, ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ತಡೆ, ಓಮ್‌ನಲ್ಲಿ ಅಳೆಯುವುದು) ಬದಲಾಗುತ್ತದೆ. ನನ್ನ ಕಾರಿನಲ್ಲಿ ತುಂಬಿದಾಗ ಕಡಿಮೆ, ಖಾಲಿಯಾದಾಗ ಜಾಸ್ತಿ. ಕೆಲವು ಗಾಡಿಗಳಲ್ಲಿ ಇದು ಉಲ್ಟಾ. ವಾಪಸ್ ತಂದಿದ್ದ ಹಳೇ ಸೆನ್ಸರನ್ನು ಮೇಜಿನ ಮೇಲಿಟ್ಟು ಅಳೆದೆ. ಫ್ಲೋಟು ಮೇಲಿದ್ದಾಗ 4.5 ಓಮ್, ಕೆಳಗೆ 112. ನಡುವೆ ಎಲ್ಲೂ ಜಿಗಿತವಿಲ್ಲ. ಏನೂ ಆಗಿರದ ಸಾಮಾನನ್ನು ಬಿಚ್ಚಿ ಬಿಸಾಡಿದ್ದೆವು.

ಮರುದಿನ ಮಲ್ಟಿಮೀಟರನ್ನು ವೋಲ್ಟಿಗಿಟ್ಟೆ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ (ಉದ್ದ ವೈರ್ ಬೇಕಾಯಿತು), ಇನ್ನೊಂದು ಸೆನ್ಸರಿನ ಅರ್ತ್ ವೈರಿಗೆ. ಕನೆಕ್ಟರ್ ಹಾಕಿದ್ದಂತೆಯೇ ಇತ್ತು, ಕೀ ಆನ್ ಇತ್ತು. ಲೈಟ್ ಹಾಕದಿದ್ದಾಗ 0.15 ವೋಲ್ಟ್. ಪಾರ್ಕಿಂಗ್ ಲೈಟ್ ಹಾಕಿದಾಗ 1.7. ಹೆಂಡತಿಗೆ ಬ್ರೇಕ್ ಒತ್ತಲು ಹೇಳಿದೆ, ನಾಲ್ಕು ದಾಟಿತು! ಸರಿ ಇರುವ ಅರ್ತ್‌ನಲ್ಲಿ ಇದು 0.1 ದಾಟಬಾರದು. ಟೇಲ್ ಲ್ಯಾಂಪ್, ಬ್ರೇಕ್ ಲೈಟ್, ಪೆಟ್ರೋಲ್ ಸೆನ್ಸರ್ ಮೂರಕ್ಕೂ ಅರ್ತ್ ಕೊಟ್ಟಿದ್ದು ಡಿಕ್ಕಿಯ ಮೂಲೆಯ ಒಂದೇ ಬೋಲ್ಟಿಗೆ. ಆ ಜಾಗದಲ್ಲಿ ಒಂದೂವರೆ ಓಮ್‌ನಷ್ಟು ತಡೆ ಕೂತಿತ್ತು. ಸೆನ್ಸರಿನ ಅಲ್ಪ ಕರೆಂಟಿಗೆ ಅದು ಲೆಕ್ಕಕ್ಕಿಲ್ಲ. ಬಲ್ಬುಗಳ ಕರೆಂಟೂ ಅಲ್ಲಿಂದಲೇ ಹಾಯುವಾಗ ಅಲ್ಲಿ ವೋಲ್ಟ್ ಏರಿ ಸೆನ್ಸರಿನ ಕರೆಂಟ್ ಇಳಿಯುತ್ತದೆ, ಟ್ಯಾಂಕ್ ಖಾಲಿಯಾದಂತೆ ಮುಳ್ಳು ಸುಳ್ಳು ಹೇಳುತ್ತದೆ. 'ನಿಮ್ಮ ಹಿಂದಿನ ಲೈಟ್ ಮಂಕಾಗಿವೆ' ಎಂದು ಪಕ್ಕದ ಮನೆಯವರು ಎರಡು ಸಲ ಹೇಳಿದ್ದರು. ಹಳೇ ಕಾರು ಅಂತ ಸುಮ್ನಿದ್ದೆ.

ಗ್ಯಾರೇಜಿನ ಹುಡುಗ ಮೋಸ ಹೋಗಿದ್ದೂ ಇಲ್ಲೇ. ಒಂದೂವರೆ ಓಮ್ ಇದ್ದರೂ ಮಲ್ಟಿಮೀಟರ್ 'ಬೀಪ್' ಅನ್ನುತ್ತದೆ. ಅವನು ಪರೀಕ್ಷೆ ಮಾಡಿದ್ದು ಹಗಲಿನಲ್ಲಿ, ಲೈಟ್ ಆರಿಸಿ. ಲೋಡ್ ಕೊಡದೆ ಅರ್ತ್ ನೋಡಿದರೆ ನೋಡದಂತೆಯೇ.

ಬೋಲ್ಟ್ ಬಿಚ್ಚಿದರೆ ಒಳಗೆಲ್ಲ ತುಕ್ಕು. ಜೊತೆಗೆ ನಮ್ಮ ಕಡೆಯ ಎರಿಮಣ್ಣು, ಒಣಗಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಡಿಕ್ಕಿಯ ರಬ್ಬರ್ ಹರಿದಿತ್ತು, ಮಳೆ ನೀರಿನ ಜೊತೆ ಇಳಿದಿರಬೇಕು. ಪಾಲಿಶ್ ಪೇಪರಿನಿಂದ ತಗಡು ಹೊಳೆಯುವವರೆಗೆ ತಿಕ್ಕಿದೆ. ಹೊಸ ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಹಚ್ಚಿದೆ. ಮೂವತ್ತು ರೂಪಾಯಿ ಖರ್ಚಾಯಿತು. ಬ್ರೇಕ್ ಒತ್ತಿ ನೋಡಿದೆ, 0.06 ವೋಲ್ಟ್. ಮುಳ್ಳು ಅಲುಗಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಕನೆಕ್ಟರ್‌ವರೆಗಿನ ಪರೀಕ್ಷೆ ಮನೆಯಲ್ಲಿ ಮಾಡಬಹುದು, ಸೆನ್ಸರ್ ಕೂರಿಸಿದ ಟ್ಯಾಂಕಿನ ಮುಚ್ಚಳ ಬಿಚ್ಚುವ ಕೆಲಸ ಬೇಡ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಮುಳ್ಳಿಲ್ಲದ ಹೊಸ ಗಾಡಿಗಳಲ್ಲಿ ವೈರ್ ಕೂಡಿಸಿ ನೋಡುವುದೂ ಬೇಡ, ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಅದರಲ್ಲಿ ಪಿ0460ರಿಂದ ಪಿ0464ರವರೆಗಿನ ಕೋಡ್ ಬಂದರೆ ಸೆನ್ಸರ್ ಹೋಗಿದೆ ಅಂತಲೇ ಅರ್ಥವಲ್ಲ. ಆ ಕೋಡ್ ಹೇಳುವುದು ಸೆನ್ಸರ್ 'ಸರ್ಕ್ಯೂಟ್' ಬಗ್ಗೆ. ವೈರು, ಕನೆಕ್ಟರು, ಅರ್ತ್ ಎಲ್ಲ ಅದರಲ್ಲಿ ಬಂತು.

ಹುಬ್ಬಳ್ಳಿ-ಧಾರವಾಡದ ಗ್ಯಾರೇಜಿನವರಲ್ಲಿ ನನ್ನದೊಂದು ಕೋರಿಕೆ. ಕರೆಂಟಿಗೆ ಸಂಬಂಧಿಸಿದ ಸಾಮಾನು ಬದಲಿಸುವ ಮೊದಲು ಅಳೆದ ಓಮ್, ವೋಲ್ಟ್ ಎಷ್ಟೆಂದು ಜಾಬ್ ಕಾರ್ಡಿನಲ್ಲಿ ಬರೆಯಿರಿ. ಲೈಟ್ ಹಾಕಿ ಅರ್ತ್ ನೋಡಿದ್ದೀರೋ ಇಲ್ಲವೋ ಅದನ್ನೂ ಬರೆಯಿರಿ. ಹಳೇ ಸಾಮಾನನ್ನು ಕೇಳದೆಯೂ ವಾಪಸ್ ಕೊಡಿ. ಇನ್ನು ಗ್ರಾಹಕರು ಬಂಕಿನ ಅಳತೆಯ ಮೇಲೆ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಹಾಕಿದ ಪಾತ್ರೆ ಧಾರಾಳವಾಗಿ ಕೇಳಲಿ. ಅದು ಅವರ ಹಕ್ಕು. ಅಳತೆ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಲಿ. ಸರಿ ಬಂದರೆ ತಮ್ಮ ಗಾಡಿಯ ಕಡೆ ತಿರುಗಿ ನೋಡಲಿ.

ಕಳೆದ ವಾರ ಮತ್ತೆ ಗದಗಿಗೆ ಹೋಗುವಾಗ ಅದೇ ಬಂಕಿಗೆ ಹೋಗಿ ತಪ್ಪಾಯಿತು ಅಂದೆ. ಆ ಹುಡುಗನಿಗೆ ನನ್ನ ನೆನಪಿತ್ತು. ನಾನು ಇಳಿಯುವ ಮೊದಲೇ ಅಳತೆ ಪಾತ್ರೆ ತಂದು ಬಾನೆಟ್ ಮೇಲಿಟ್ಟಿದ್ದ.

ಇಂತಿ,
ನಿವೃತ್ತ ರೈಲ್ವೆ ಎಲೆಕ್ಟ್ರಿಷಿಯನ್,
ಕೇಶ್ವಾಪುರ, ಹುಬ್ಬಳ್ಳಿ